ಪುರವಣಿಯಲ್ಲಿ ಕಾಣದ ವೈದ್ಯವೃತ್ತಿ

ಮಾನ್ಯ ಸಂಪಾದಕರೇ,

ಹನ್ನೆರಡನೆಯ ತರಗತಿ ಮುಗಿಸಿದ ವಿದ್ಯಾರ್ಥಿಗಳಿಗಾಗಿ ತಾವು ಹೊರತಂದ ಮಾರ್ಗದರ್ಶಿ ಪುರವಣಿಯಲ್ಲಿ ವೈದ್ಯಕೀಯಕ್ಕೆ ಸಾಕಷ್ಟು ಜಾಗವಿದ್ದರೂ, ರೋಗಿಯನ್ನು ನೋಡುತ್ತಲೇ ಪ್ರಯೋಗಾಲಯದಲ್ಲಿ ಸಂಶೋಧನೆಯನ್ನೂ ನಡೆಸುವ ವೈದ್ಯವಿಜ್ಞಾನಿಯ ವೃತ್ತಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಮುಂಬಯಿಯ ಬ್ಲಡ್ ಬ್ಯಾಂಕೊಂದರಲ್ಲಿ ತಂತ್ರಜ್ಞನಾಗಿ ದುಡಿದು ನಿವೃತ್ತನಾದ ನನಗೆ, ಈ ಊರಿನ ಪತ್ರಿಕೆಯಲ್ಲೇ ಅದು ಬಿಟ್ಟುಹೋದದ್ದು ಸರಿಯೆನಿಸಲಿಲ್ಲ.

ಆ ವೃತ್ತಿಗೆ ಉದಾಹರಣೆ ಬೇಕಿದ್ದರೆ ಪರೇಲಿನ ಕೆಇಎಂ ಆಸ್ಪತ್ರೆಯ ಆವರಣಕ್ಕೆ ಹೋದರೆ ಸಾಕು. ಇಂದು ಜಗತ್ತೆಲ್ಲ ಬಾಂಬೆ ಬ್ಲಡ್ ಗ್ರೂಪ್ ಎಂದು ಕರೆಯುವ ಅಪರೂಪದ ಗುಂಪನ್ನು ಡಾ. ವೈ.ಎಂ. ಭೇಂಡೆ ಮತ್ತು ಸಂಗಡಿಗರು 1952ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮೊದಲು ವರದಿ ಮಾಡಿದರು. ಇಂಥವರ ಕೆಂಪು ಕಣಗಳಿಗೆ ಎ, ಬಿ ಗುಂಪುಗಳನ್ನು ಗುರುತಿಸುವ ಆಂಟಿ-ಎ ಹಾಕಿದರೂ ಆಂಟಿ-ಬಿ ಹಾಕಿದರೂ ಅವು ಗಂಟುಕಟ್ಟುವುದಿಲ್ಲವಾದ್ದರಿಂದ ಅವಸರದ ಕಣ್ಣಿಗೆ ಅದು ಓ ಗುಂಪೇ. ಆದರೆ ಅವರ ಸೀರಮ್ಮನ್ನು (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವವನ್ನು) ಓ ಗುಂಪಿನ ಕಣಗಳೊಡನೆ ಬೆರೆಸಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಕೊಳವೆಯನ್ನು ಮೆಲ್ಲಗೆ ಅಲುಗಿಸಿದರೆ ತಳದ ಕೆಂಪು ಗುಂಡಿ ಹೊಗೆಯಂತೆ ಹರಡಿಕೊಳ್ಳದೆ ತುಂಡು ತುಂಡಾಗಿ ಏಳುತ್ತದೆ. ಓ ರಕ್ತ ಏರಿಸಿದರೆ ಪ್ರಾಣಕ್ಕೇ ಸಂಚಕಾರವೆಂದು ತಿಳಿಯುವುದು ಆ ಕೊಳವೆಯಲ್ಲೇ. ತಂದೆ ತಾಯಿ ಇಬ್ಬರಿಂದಲೂ ಬಂದ ಜೀನ್ ಕೆಲಸ ಮಾಡದೆ ಓ ಗುಂಪಿನವರ ಕಣಗಳ ಮೇಲೂ ಇರುವ ‘ಎಚ್’ ಪ್ರತಿಜನಕವೆಂಬ (ಆಂಟಿಜೆನ್) ಗುರುತೇ ತಯಾರಾಗದಿರುವುದು ಇದಕ್ಕೆ ಕಾರಣ. 1957ರಲ್ಲಿ ಶುರುವಾದ ರಕ್ತಗುಂಪು ಉಲ್ಲೇಖ ಕೇಂದ್ರವೇ ಬೆಳೆದು ಈಗ ಕೆಇಎಂ ಆವರಣದಲ್ಲಿರುವ, ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) ರಾಷ್ಟ್ರೀಯ ಇಮ್ಯುನೋಹೆಮಟಾಲಜಿ ಸಂಸ್ಥೆಯಾಗಿದೆ.

ಇಂಗ್ಲೆಂಡಿನ ಡೇವಿಡ್ ವೆದರಾಲ್ ಅವರ ವೃತ್ತಿಜೀವನವನ್ನೂ ನಮ್ಮ ಮಕ್ಕಳು ಓದಬೇಕು. ಕಡ್ಡಾಯ ಸೇನಾಸೇವೆಗೆಂದು ಸಿಂಗಪುರಕ್ಕೆ ಹೋದ ಆ ಯುವ ವೈದ್ಯರು, ಮತ್ತೆ ಮತ್ತೆ ರಕ್ತ ಕೊಟ್ಟೇ ಬದುಕಿಸಬೇಕಾಗಿದ್ದ ಗೂರ್ಖಾ ಸೈನಿಕನೊಬ್ಬನ ಮಗಳಿಗಿದ್ದದ್ದು ಥಲಸ್ಸೀಮಿಯಾ, ಅಂದರೆ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ರಕ್ತದ ಕಾಯಿಲೆ, ಎಂದು ಪತ್ತೆಹಚ್ಚಿದರು. 1965ರ ಹೊತ್ತಿಗೆ, ಆ ಕಾಯಿಲೆಯಲ್ಲಿ ಹಿಮೋಗ್ಲೋಬಿನ್ ಕಟ್ಟುವ ಆಲ್ಫಾ ಮತ್ತು ಬೀಟಾ ಗ್ಲೋಬಿನ್ ಸರಪಳಿಗಳ ತಯಾರಿಕೆಯ ಸಮತೋಲ ತಪ್ಪಿರುವುದನ್ನು ಸಹೋದ್ಯೋಗಿಗಳೊಂದಿಗೆ ಅಳೆದೇ ತೋರಿಸಿದರು. 1989ರಲ್ಲಿ ಆಕ್ಸ್‌ಫರ್ಡಿನಲ್ಲಿ ಅವರು ಸ್ಥಾಪಿಸಿದ ಸಂಸ್ಥೆಗೆ ಈಗ ಅವರದೇ ಹೆಸರಿದೆ.

ದಾರಿ ದೀರ್ಘ ನಿಜ. ಎಂಬಿಬಿಎಸ್, ಎಂಡಿ, ಆಮೇಲೆ ಡಿಎಂ (ಉನ್ನತ ತಜ್ಞ ಪದವಿ) ಅಥವಾ ಪಿಎಚ್‌ಡಿ. ಅಷ್ಟರಲ್ಲಿ ಸಹಪಾಠಿಗಳು ಸ್ವಂತ ದವಾಖಾನೆಗೆ ಬೋರ್ಡು ಹಾಕಿರುತ್ತಾರೆ. (ಹೆಣ್ಣು ಕೊಡುವವರು ಕೇಳುವುದೂ ದವಾಖಾನೆ ಎಲ್ಲಿದೆಯೆಂದೇ.) ಆದರೂ ಈ ಕ್ಷೇತ್ರಕ್ಕೆ ಕನ್ನಡದ ಮಕ್ಕಳು ಬೇಕೆಂದು ನಾನು ಹೇಳುವುದು ಅಭಿಮಾನಕ್ಕಲ್ಲ. ಥಲಸ್ಸೀಮಿಯಾದ ವಾಹಕರು, ಅಂದರೆ ದೋಷದ ಜೀನ್ ಒಂದನ್ನು ಮಾತ್ರ ಹೊತ್ತವರು, ನೋಡಲು ಆರೋಗ್ಯವಂತರೇ. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಮಾತ್ರ ಪ್ರತಿ ಬಸುರಿನಲ್ಲೂ ಮಗುವಿಗೆ ತೀವ್ರ ಕಾಯಿಲೆ ಬರುವ ಸಾಧ್ಯತೆ ಶೇ 25. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಳ್ಳುವ ರೂಢಿಯಿರುವ ನಮ್ಮ ಕುಟುಂಬಗಳಲ್ಲಿ ಇದನ್ನು ವಿಚಾರಿಸಲು ಕುಳಿತ ವೈದ್ಯರಿಗೆ, ಯಾರು ಯಾರಿಗೆ ಯಾವ ಕಡೆಯಿಂದ ನಂಟು ಎಂಬುದು ಬಿಡಿಸಿ ಹೇಳದೆ ತಿಳಿಯಬೇಕು. ಸೊಸೆಯ ಮೇಲಷ್ಟೇ ತಪ್ಪು ಹೊರಿಸುವ ಅತ್ತೆಗೆ, ಮಗನ ರಕ್ತವನ್ನೂ ಪರೀಕ್ಷಿಸಬೇಕೆಂದು ಮನಸ್ಸು ನೋಯದಂತೆ ಹೇಳಲು ಬರಬೇಕು.

ಆದ್ದರಿಂದ ಮುಂದಿನ ಪುರವಣಿಯಲ್ಲಿ ಈ ವ್ಯಾಸಂಗದ ಹಂತಗಳು, ಫೆಲೋಶಿಪ್‌ಗಳು ಮತ್ತು ಪ್ರವೇಶದ ವಿವರಗಳ ಜೊತೆಗೆ, ಪರೇಲಿನ ಸಂಸ್ಥೆಯ ಸಂಶೋಧಕರೊಬ್ಬರ ಸಂದರ್ಶನವನ್ನೂ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ತಂತ್ರಜ್ಞ, ಡೊಂಬಿವಲಿ ಪೂರ್ವ