ಕೂಪರ್ ಹೆಸರೂ ಇರಲಿ

ಮಾನ್ಯ ಸಂಪಾದಕರೇ,

ಪೂರ್ವ ಯುರೋಪಿನ ಯೆಹೂದಿಗಳ ಕ್ಲೆಜ್ಮರ್ ಸಂಗೀತ ಅಂದರೆ ಜಾಸ್ತಿ ಮಾತು ಕ್ಲಾರಿನೆಟ್ ಬಗ್ಗೆಯೇ. ಹಾಡಿದವರ ನೆನಪು ಕಡಿಮೆ. 1946ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಏಡ್ರಿಯನ್ ಕೂಪರ್ ಹಾಡಿದ್ದು ಯಿಡ್ಡಿಷ್‌ನಲ್ಲಿ. ಹಿಟ್ಲರನ ನರಮೇಧದಲ್ಲಿ ಸತ್ತ ಯೆಹೂದಿಗಳಲ್ಲಿ ಹೆಚ್ಚಿನವರ ಮನೆಮಾತು ಅದು. ಕಲಿಸುವ ಅಜ್ಜಿಯರೇ ಇಲ್ಲದಾಗ ಹಾಡು ಕಲಿಯುವುದು ಯಾರಿಂದ?

ಯಿಡ್ಡಿಷ್ ಸಂಸ್ಕೃತಿಯ ಅಧ್ಯಯನ ನಡೆಸುವ ನ್ಯೂಯಾರ್ಕಿನ ಯಿವೊ ಸಂಸ್ಥೆಯಲ್ಲಿದ್ದ ಕೂಪರ್, ಸಂಗೀತಗಾರ ಹೆನ್ರಿ ಸಪೋಜ್ನಿಕ್ ಜೊತೆ ಸೇರಿ 1985ರಲ್ಲಿ ‘ಕ್ಲೆಜ್‌ಕ್ಯಾಂಪ್’ ಎಂಬ ಕಲಿಕಾ ಶಿಬಿರ ಶುರುಮಾಡಿದರು. ಡಿಸೆಂಬರ್ ಚಳಿಯಲ್ಲಿ, ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟದ ಹೋಟೆಲಿನಲ್ಲಿ ಹುಡುಗರೂ ಮುದುಕರೂ ಒಟ್ಟಿಗೆ ಕಲಿತರು. ಸ್ವರದ ನಡುವೆ ಗಂಟಲು ಕಟ್ಟಿ ಬಿಕ್ಕಿದಂತೆ ಬರುವ ‘ಕ್ರೆಖ್ಟ್ಸ್’ ಸುಮ್ನೆ ಪುಸ್ತಕ ಓದಿದರೆ ಬರುವುದಿಲ್ಲ, ಅಲ್ವಾ? ಎದುರು ಕೂತೇ ಕೇಳಬೇಕು.

2011ರಲ್ಲಿ ಕೂಪರ್ ತೀರಿಕೊಂಡರು. ಮಗಳೂ ಯಿಡ್ಡಿಷ್ ಗಾಯಕಿ. ಮುಂದೆ ಕ್ಲೆಜ್ಮರ್ ಬಗ್ಗೆ ಬರೆದರೆ ಇವರಿಗೂ ನಾಲ್ಕು ಸಾಲು ಕೊಡಿ.

– ಒಬ್ಬ ಓದುಗ, ಮೈಸೂರು