ಮುಂದಿನ ಹಿಮಯುಗದ ಲೆಕ್ಕ

ಚಿ. ಮೈತ್ರಿಗೆ ಆಶೀರ್ವಾದಗಳು.

"ಹೇಗೂ ಇನ್ನೊಂದು ಹಿಮಯುಗ ಬರುತ್ತದೆ, ಭೂಮಿ ಬಿಸಿಯಾದರೆ ಒಳ್ಳೆಯದೇ ಅಲ್ಲವೇ?" ಎಂದು ತರಗತಿಯಲ್ಲಿ ಕೇಳಿದವರಿಗೆ ಉತ್ತರ ಹೊಳೆಯಲಿಲ್ಲ ಎಂದು ಬರೆದಿದ್ದೀಯ. ಇದಕ್ಕೆ ಲೆಕ್ಕ ಹಾಕಿಯೇ ಉತ್ತರ ಹೇಳಬೇಕು. ಪೆನ್ಸಿಲ್ ಹಿಡಿದು ಓದು.

ಮೊದಲು ಪದ ಸರಿಮಾಡಿಕೋ. ಉತ್ತರಾರ್ಧಗೋಳದಲ್ಲಿ ಹಿಮ ಹರಡುವುದು, ಹಿಂಜರಿಯುವುದು ಶುರುವಾಗಿ ಸುಮಾರು 26 ಲಕ್ಷ ವರ್ಷವಾಯಿತು. ಇದಿಷ್ಟೂ ಒಂದೇ ಹಿಮಯುಗ, ನಾವು ಈಗಲೂ ಅದರೊಳಗೇ ಇದ್ದೇವೆ. ಕಳೆದ 11,700 ವರ್ಷಗಳದ್ದು ಹಿಮ ಹಿಂಜರಿದ ಘಟ್ಟ. ನಿನ್ನ ಸಹಪಾಠಿ ಕೇಳಿದ್ದು ಮತ್ತೆ ಹರಡುವ ಘಟ್ಟದ ಬಗ್ಗೆ.

ಅದಕ್ಕೆ ಚಳಿಗಾಲ ಕೊರೆಯಬೇಕೆಂದು ಬಹಳ ಜನ ತಿಳಿದಿದ್ದಾರೆ. ನಿಜಕ್ಕೂ ಬೇಕಾದದ್ದು ತಂಪಾದ ಬೇಸಿಗೆ. ಕೆನಡಾದ ಕಡೆ ಬಿದ್ದ ಹಿಮ ಬೇಸಿಗೆಯಲ್ಲೂ ಕರಗದೆ ಉಳಿದರೆ ಮರುವರ್ಷದ್ದು ಅದರ ಮೇಲೆ ಪೇರುತ್ತದೆ. ಆದ್ದರಿಂದ 65 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಬೇಸಿಗೆಗೆ ಬೀಳುವ ಬಿಸಿಲನ್ನು ನೋಡಬೇಕು. ಸರ್ಬಿಯಾದ ಮಿಲುಟಿನ್ ಮಿಲಾಂಕೊವಿಚ್ ವರ್ಷಗಟ್ಟಲೆ ಕುಳಿತು ಲೆಕ್ಕ ಹಾಕಿದ್ದು ಇದನ್ನೇ. ಬಿಸಿಲನ್ನು ಏರಿಳಿಸುವುದು ಮೂರು. ಕಕ್ಷೆಯ ಆಕಾರ ಸುಮಾರು 1 ಲಕ್ಷ ಮತ್ತು 4 ಲಕ್ಷ ವರ್ಷಗಳ ಸುತ್ತಿನಲ್ಲಿ ಬದಲಾಗುತ್ತದೆ. ಅಕ್ಷದ ಓರೆ 22.1ರಿಂದ 24.5 ಡಿಗ್ರಿವರೆಗೆ 41,000 ವರ್ಷಗಳಲ್ಲಿ ಹೋಗಿ ಬರುತ್ತದೆ. ಮೂರನೆಯದು ಅಯನ ಚಲನೆ, ಅಂದರೆ ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ಸುತ್ತುವುದು. ಅದು ನಮ್ಮ ಮನೆಯ ಪಂಚಾಂಗದಲ್ಲೇ ಇದೆ. ಸೂರ್ಯ ಉತ್ತರಕ್ಕೆ ಹೊರಳುವುದು ಡಿಸೆಂಬರ್ 21-22ಕ್ಕೆ, ನಾವು ಎಳ್ಳುಬೆಲ್ಲ ಬೀರುವುದು ಜನವರಿ 14-15ಕ್ಕೆ. ಆ ಮೂರು ವಾರ ಚಿಲ್ಲರೆಯ ಅಂತರವೇ ಆ ಚಲನೆಯಿಂದ ಈವರೆಗೆ ಕೂಡಿದ ಸುಮಾರು 24 ಡಿಗ್ರಿಯ ಅಯನಾಂಶ. 72 ವರ್ಷಕ್ಕೆ 1 ಡಿಗ್ರಿಯಂತೆ ಪೂರ್ತಿ ಸುತ್ತಿಗೆ 26,000 ವರ್ಷ ಎಂದು ಗುಣಿಸಿ ಅಲ್ಲಿಗೇ ನಿಲ್ಲಬೇಡ. ಕಕ್ಷೆಯೂ ತಿರುಗುತ್ತಿರುವುದರಿಂದ ಹವಾಮಾನಕ್ಕೆ ತಾಗುವ ಸುತ್ತು 19,000ದಿಂದ 23,000 ವರ್ಷ.

ಈಗಿನ ಸ್ಥಿತಿ ನೋಡು. ಜನವರಿ ಮೊದಲ ವಾರದಲ್ಲಿ ಸೂರ್ಯ 14.7 ಕೋಟಿ ಕಿ.ಮೀ. ದೂರ, ಜುಲೈಯಲ್ಲಿ 15.2 ಕೋಟಿ. ಉತ್ತರದ ಬೇಸಿಗೆ ದೂರದಲ್ಲಿ ಕಳೆಯುತ್ತಿದೆ, 23.4 ಡಿಗ್ರಿಯ ಓರೆಯೂ ತಗ್ಗುತ್ತಿದೆ. ಎರಡೂ ಹಿಮದ ಪರವೇ. ಆದರೆ ಕಕ್ಷೆ ಬಹುತೇಕ ದುಂಡಗಿದೆ, ಇನ್ನಷ್ಟು ದುಂಡಗಾಗುತ್ತಿದೆ. ಹಾಗಾಗಿ ಬಿಸಿಲಿನ ಕೊರತೆ ಸಾಲದು. ಮನುಷ್ಯ ಏನೂ ಸುಡದಿದ್ದರೂ ಮುಂದಿನ ಹಿಮ ಹರಡಲು ಸುಮಾರು 50,000 ವರ್ಷ ಬೇಕಾಗಬಹುದು ಎನ್ನುತ್ತವೆ ಮಾದರಿಗಳು.

ಇನ್ನು ಗಾಳಿಯ ಲೆಕ್ಕ, ಅಂದರೆ ಭೂಮಿಯನ್ನು ಬಿಸಿಮಾಡುವ ಇಂಗಾಲದ ಡೈಆಕ್ಸೈಡ್ ಅದರಲ್ಲಿ ಎಷ್ಟು ಎಂಬುದು. ಅಂಟಾರ್ಕ್ಟಿಕಾದ ಡೋಮ್ ಸಿಯಲ್ಲಿ 3,270 ಮೀಟರ್ ಕೊರೆದು ತೆಗೆದ ಹಿಮದ ಗುಳ್ಳೆಗಳಲ್ಲಿ 8 ಲಕ್ಷ ವರ್ಷಗಳ ಗಾಳಿ ಇದೆ. ಆಗಿನ ತಾಪ ತಿಳಿಯುವುದು ಹಿಮದಿಂದ, ಇಂಗಾಲದ ಡೈಆಕ್ಸೈಡ್ ತಿಳಿಯುವುದು ಗುಳ್ಳೆಯ ಗಾಳಿಯಿಂದ. ಇಲ್ಲಿ ಎಡವುವವರು ಹೆಚ್ಚು. ಮೇಲಿನ ಸುಮಾರು 100 ಮೀಟರ್ ಹಿಮ ಸಡಿಲ, ಅದರೊಳಗೆ ಗಾಳಿ ಆಡುತ್ತಲೇ ಇರುತ್ತದೆ. ಗುಳ್ಳೆ ಮುಚ್ಚುವುದು ಅದರ ಕೆಳಗೆ. ಹಾಗಾಗಿ ಸುತ್ತಲಿನ ಹಿಮಕ್ಕಿಂತ ಗುಳ್ಳೆಯ ಗಾಳಿ ಸಾವಿರಾರು ವರ್ಷ ಕಿರಿಯದು. ಈ ತಿದ್ದುಪಡಿ ಬಿಟ್ಟು ನಕ್ಷೆ ಬರೆದವರು "ಮೊದಲು ಬಿಸಿ, ಎಷ್ಟೋ ಕಾಲದ ನಂತರ ಇಂಗಾಲ" ಎಂದುಬಿಡುತ್ತಾರೆ. ತಿದ್ದಿದರೆ ಅಲ್ಲಿನ ತಾಪವೂ ಇಂಗಾಲದ ಡೈಆಕ್ಸೈಡೂ ಹೆಚ್ಚುಕಡಿಮೆ ಜೊತೆಯಾಗಿಯೇ ಏರುತ್ತವೆ.

ಈಗ ಭಾಗಿಸು. ಕಳೆದ ಹಿಮಘಟ್ಟ ಮುಗಿಯುವಾಗ ಆ ಅನಿಲ ಹತ್ತು ಲಕ್ಷಕ್ಕೆ 190 ಭಾಗದಿಂದ 265ರ ಹತ್ತಿರಕ್ಕೆ ಏರಲು ಸುಮಾರು 7,000 ವರ್ಷ ಹಿಡಿಯಿತು, ಅಂದರೆ 1 ಭಾಗಕ್ಕೆ 90 ವರ್ಷಕ್ಕೂ ಹೆಚ್ಚು. ಹವಾಯಿಯ ಮೌನಾ ಲೋವಾದಲ್ಲಿ ಅಳತೆ ಶುರುವಾದ 1958ರಲ್ಲಿ 315 ಇದ್ದದ್ದು 2024ರಲ್ಲಿ 424 ದಾಟಿತು. ಈಗ ವರ್ಷಕ್ಕೇ 2 ಭಾಗಕ್ಕಿಂತ ಹೆಚ್ಚು. ಆಗಿನ ಕರಗುವಿಕೆಗೆ ಕಡಲು ಸುಮಾರು 120 ಮೀಟರ್ ಏರಿತು, ಆದರೆ ಕರಾವಳಿಯಲ್ಲಿ ಬಂದರು, ಊರು ಇರಲಿಲ್ಲ.

ದೂರದ ಭವಿಷ್ಯ ಬೇರೆಯೇ ಮಾತು. ಸೂರ್ಯನ ಹೊಳಪು 100 ಕೋಟಿ ವರ್ಷಕ್ಕೆ ಸುಮಾರು ಶೇ 10 ಏರುತ್ತದೆ. ಆ ಹೊತ್ತಿಗೆ ಸಾಗರಗಳೇ ಉಳಿಯುವುದು ಕಷ್ಟ.

ತರಗತಿಯಲ್ಲಿ ಮಾತಿಗೆ ಮುಂಚೆ ಹಲಗೆಯ ಮೇಲೊಂದು ಗೆರೆ ಎಳೆ, 1,000 ವರ್ಷಕ್ಕೆ 1 ಸೆಂ.ಮೀ. ನಡುವೆ 'ಇಂದು' ಎಂದು ಗುರುತು ಹಾಕು. ಹಿಮ ಅತಿ ಹೆಚ್ಚು ಹರಡಿದ್ದ ಕಾಲ ಎಡಕ್ಕೆ 21 ಸೆಂ.ಮೀ., ಮುಂದಿನದು ಬಲಕ್ಕೆ 50. ಸಾಗರ ಬತ್ತುವ ಕಾಲ ತೋರಿಸಲು ಬಲಕ್ಕೆ 10 ಕಿ.ಮೀ. ನಡೆಯಬೇಕು. 1958ರಿಂದ ಈಚೆಗಿನದು 1 ಮಿ.ಮೀ. ಕೂಡ ಇಲ್ಲ, ಸೀಮೆಸುಣ್ಣದ ಗೆರೆಯ ದಪ್ಪದೊಳಗೇ ಅಡಗುತ್ತದೆ. ಆ 109 ಭಾಗವನ್ನು ಅಲ್ಲೇ ಬರೆದು ತೋರಿಸು.

ಇತಿ ನಿನ್ನ ದೊಡ್ಡಪ್ಪ