ತವರಿನ ಹೆಸರೂ ಅಚ್ಚಾಗಲಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಶ್ರದ್ಧಾಂಜಲಿ ಪುಟದ ಕುರಿತು ನನ್ನದೊಂದು ಕೋರಿಕೆಯಿದೆ. ಅದು ಹೊಳೆದದ್ದು ಅಜ್ಜಿಯ ಮೂಲ ಹುಡುಕಲು ಹೊರಟಾಗ; ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ನನ್ನ ತಂದೆಯ ತಾಯಿ ಇಂಗ್ಲೆಂಡಿನ ಲ್ಯಾಂಕಾಷೈರ್ ಸೀಮೆಯ ಬ್ಲ್ಯಾಕ್‌ಬರ್ನ್ ಪಟ್ಟಣದವರು. ಜವಳಿ ವಿದ್ಯೆ ಕಲಿಯಲು ಮ್ಯಾಂಚೆಸ್ಟರ್‌ಗೆ ಹೋಗಿದ್ದ ಅಜ್ಜ 1931ರಲ್ಲಿ ಅವರನ್ನು ಅಲ್ಲಿಯೇ ಮದುವೆಯಾಗಿ, ಮುಂಬಯಿಗೆ ಮರಳಿ ಪರೇಲಿನ ಗಿರಣಿಯೊಂದಕ್ಕೆ ವೀವಿಂಗ್ ಮಾಸ್ಟರ್ ಆಗಿ ಸೇರಿದರು. ಅಜ್ಜಿ ಕನ್ನಡ ಕಲಿತರು, ಸೀರೆ ಉಟ್ಟರು, ತವರಿನ ಮಾತನ್ನು ಮಾತ್ರ ಎತ್ತಲಿಲ್ಲ. ಅವರು ಬಿಟ್ಟುಹೋದ ಕಾಗದವೆಂದರೆ ಮದುವೆಯ ಪ್ರಮಾಣಪತ್ರವೊಂದೇ. ಅದರಲ್ಲಿ ಅವರ ತಂದೆಯ ಹೆಸರಿದೆ, ನೇಕಾರನೆಂಬ ಉದ್ಯೋಗವಿದೆ. ತಾಯಿಯ ಸುಳಿವೇ ಇಲ್ಲ. ಗುಮಾಸ್ತನ ಮರೆವಿರಬೇಕೆಂದುಕೊಂಡೆ. ಆಮೇಲೆ ತಿಳಿಯಿತು, 1837ರಲ್ಲಿ ಸರ್ಕಾರಿ ನೋಂದಣಿ ಶುರುವಾದಂದಿನಿಂದ 2021ರ ಮೇ ತಿಂಗಳವರೆಗೂ ಅಲ್ಲಿನ ಮದುವೆ ದಾಖಲೆಯಲ್ಲಿ ವಧೂವರರ ತಾಯಂದಿರಿಗೆ ಅಂಕಣವೇ ಇರಲಿಲ್ಲ.

ಜನನದ ಸೂಚಿಯಲ್ಲಿ, ಅಂದರೆ ನೋಂದಾದ ಜನನಗಳ ಸರ್ಕಾರಿ ಹೆಸರುಪಟ್ಟಿಯಲ್ಲಿ, ನೋಡಿದರೆ ಅದೇ ಹೆಸರಿನ ಮೂವರು ಹುಡುಗಿಯರು. ಅವಸರದಲ್ಲಿ ಒಬ್ಬಳನ್ನು ನಮ್ಮವಳೆಂದು ನಂಬಿ, ಹಣ ಕಟ್ಟಿ ಪ್ರಮಾಣಪತ್ರ ತರಿಸಿ, ಆರು ತಿಂಗಳು ಯಾರದೋ ವಂಶಾವಳಿ ಬರೆದೆ. ಆ ಹುಡುಗಿಯ ತಂದೆ ಕಟುಕನೆಂದು ಕಂಡಾಗಲೇ ಎಚ್ಚರವಾಗಬೇಕಿತ್ತು.

ದಾರಿ ತೋರಿಸಿದ್ದು 1911ರ ಏಪ್ರಿಲ್ 2ರ ಜನಗಣತಿ. ಆ ವರ್ಷ ಮನೆಯ ಯಜಮಾನ ಸ್ವತಃ ತುಂಬಿಕೊಟ್ಟ ಹಾಳೆಗಳೇ ಉಳಿದಿವೆ. ಮುತ್ತಜ್ಜನ ಓರೆಯಕ್ಷರದಲ್ಲಿ ಮೂರು ವರ್ಷದ ಅಜ್ಜಿಯ ಹೆಸರಿತ್ತು, ಮುತ್ತಜ್ಜಿಯ ಮುಂದೆ ‘ಹತ್ತಿಬಟ್ಟೆ ನೇಯುವವಳು’ ಎಂದಿತ್ತು. ದೂರ ನಿಂತವರೊಡನೆ ದನಿಯಿಲ್ಲದೆ ತುಟಿಯನ್ನಷ್ಟೇ ಅಗಲವಾಗಿ ಆಡಿಸಿ ಮಾತಾಡುವುದು ನಮ್ಮ ಅಜ್ಜಿಯ ಅಭ್ಯಾಸವಾಗಿತ್ತು, ನಾವು ಮಕ್ಕಳು ಅಣಕಿಸುತ್ತಿದ್ದೆವು. ಮಗ್ಗಗಳ ಸದ್ದಿನಲ್ಲಿ ಕಿವಿ ಕೇಳಿಸದ ಲ್ಯಾಂಕಾಷೈರ್ ನೇಕಾರ್ತಿಯರು ಮಾತಾಡುತ್ತಿದ್ದದ್ದೇ ಹಾಗೆ.

ಆ ಹಾಳೆಯಲ್ಲಿ ಇನ್ನೊಂದು ಲೆಕ್ಕವಿತ್ತು: ಹುಟ್ಟಿದ ಮಕ್ಕಳು ಏಳು, ಬದುಕಿರುವವರು ನಾಲ್ವರು, ತೀರಿಕೊಂಡವರು ಮೂವರು. ಆ ಮೂವರ ಹೆಸರಿಲ್ಲ. ಅವರನ್ನು ಪತ್ತೆಮಾಡಲು ತಾಯಿಯ ತವರಿನ ಹೆಸರೇ ದಾರಿ. ಹಳೆಯ ಜನನ ಸೂಚಿಯಲ್ಲಿ ತಾಯಿಯ ತವರಿನ ಮನೆತನದ ಹೆಸರು ಕಾಣಿಸುವುದು 1911ರ ಜುಲೈಯಿಂದ ಈಚೆಗೆ. ನೋಂದಣಿ ಇಲಾಖೆ ಈಚಿನ ವರ್ಷಗಳಲ್ಲಿ ಅಂತರ್ಜಾಲದಲ್ಲಿ ತೆರೆದಿಟ್ಟ ಹೊಸ ಸೂಚಿಯಲ್ಲಾದರೆ ಅದು 1837ರಿಂದಲೇ ಸಿಗುತ್ತದೆ. ಅಜ್ಜಿಯ ಜನನಪತ್ರದಿಂದ ಮುತ್ತಜ್ಜಿಯ ತವರಿನ ಹೆಸರು ತಿಳಿದುಕೊಂಡು ಹುಡುಕಿದಾಗ ಏಳೂ ಮಕ್ಕಳು ಒಂದೇ ಪುಟದಲ್ಲಿ ಸಾಲಾಗಿ ಕಂಡರು. 1837ಕ್ಕೂ ಹಿಂದಿನ ಚರ್ಚಿನ ದೀಕ್ಷಾಸ್ನಾನದ ಪುಸ್ತಕಗಳಲ್ಲಿ ತಾಯಂದಿರ ಸ್ವಂತ ಹೆಸರಷ್ಟೇ ಇದ್ದು ತವರಿನದು ಇರಲಿಲ್ಲ. ನನ್ನ ಹುಡುಕಾಟ ನಿಂತದ್ದೂ ಅಲ್ಲಿಯೇ.

ಈಗ ಕೋರಿಕೆ. ಹೋದ ವರ್ಷ ನನ್ನ ಅತ್ತೆಯವರು ತೀರಿಕೊಂಡಾಗ ನಾನೇ ನಿಮ್ಮಲ್ಲಿ ಪ್ರಕಟಣೆ ಕೊಟ್ಟಿದ್ದೆ. ಅದರಲ್ಲಿ ಅವರ ಪತಿ, ಮಕ್ಕಳು, ಅಳಿಯಂದಿರು, ಹನ್ನೊಂದು ಮೊಮ್ಮಕ್ಕಳು ಎಲ್ಲರೂ ಇದ್ದಾರೆ. ಅವರು ಯಾರ ಮಗಳು, ಯಾವ ಊರಿನವರು ಎಂಬುದಿಲ್ಲ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆಗಳವರಿಗೆ ತಾಯಿಯ ಬರಿ (ಕುಲ), ಮನೆತನ ಬಾಯಿಪಾಠವಿರುತ್ತದೆ. ನಮ್ಮಂಥವರಿಗೆ ಅಜ್ಜಿಯ ತಾಯಿಯ ಹೆಸರೂ ತಿಳಿದಿರುವುದಿಲ್ಲ. ಪ್ರಕಟಣೆಗೆಂದು ನೀವು ಕೊಡುವ ನಮೂನೆಯಲ್ಲಿ, ತೀರಿಕೊಂಡವರು ಹೆಂಗಸರಾದರೆ, ‘ತವರುಮನೆ, ಊರು, ತಂದೆ, ತಾಯಿ’ ಎಂಬ ಒಂದು ಸಾಲನ್ನು ಸೇರಿಸಿ, ಅದಕ್ಕೆ ಬೇರೆ ದರ ಹಾಕದಿರಬೇಕೆಂದು ವಿನಂತಿಸುತ್ತೇನೆ.

ಇತಿ,
ಮುಲುಂಡಿನ ಓದುಗ, ಮುಂಬಯಿ